ಮೆಣಸಿನ ಗಿಡದ ಬೇರಿನ ಬಂಟರು

(ಸಂಘದ ರಾಜ್ಯೋತ್ಸವದ ಅಂಗವಾಗಿ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ವೇದಿಕೆಯ ಮೇಲೆ ನಾಡಿನ ಹಿರಿಮೆಯನ್ನೂ ನುಡಿಯ ಸೊಗಸನ್ನೂ ಕುರಿತು ಬಲ್ಲವರು ಮಾತನಾಡುವುದು ವಾಡಿಕೆ. ನಾವು ಪಂಡಿತರಲ್ಲ. ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, “ನಿಮಗೆ ಏನು ಗೊತ್ತೋ ಅದನ್ನೇ ಹೇಳಿ, ಸಾಕು” ಎಂದು ಒತ್ತಾಯ ಮಾಡಿದರು. ನಮಗೆ ಗೊತ್ತಿರುವುದು ಮೆಣಸಿನಕಾಯಿ. ಆದುದರಿಂದ ಈ ಹೊತ್ತು ಅದನ್ನೇ ಹೇಳುತ್ತೇವೆ. ಖಾರವಾದರೆ ಸಭಿಕರು ಮನ್ನಿಸಬೇಕು.

ಮೆಣಸಿನಕಾಯಿಗೂ ಮುಂಬಯಿಗೂ ಇರುವ ನಂಟು ಇಲ್ಲಿ ಕುಳಿತಿರುವ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೇಸಿಗೆ ಬಂದಿತೆಂದರೆ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಅಲ್ಲಿ ಮರಾಠಿ ಹೆಂಗಸರು ‘ಬೇಡಗಿ’ ಎಂದು ಕೇಳಿ ಕೊಳ್ಳುವ, ಸುಕ್ಕುಸುಕ್ಕಾದ ಕಡುಗೆಂಪಿನ ಕಾಯಿ ನಮ್ಮ ಬ್ಯಾಡಗಿಯದೇ. ಉಡುಪಿ ಹೋಟೆಲಿನ ಸಾಂಬಾರಿಗೆ ಕೆಂಪು ಕೊಡುವುದೂ ಅದೇ. ಖಾರ ಕಡಿಮೆ, ಬಣ್ಣ ಹೆಚ್ಚು. ಇದು ಅದರ ಗುಣ. ಆ ಬಣ್ಣವನ್ನು ಕಾರಖಾನೆಗಳಲ್ಲಿ ಎಣ್ಣೆಯ ರೂಪದಲ್ಲಿ ತೆಗೆದು ತಿಂಡಿತಿನಿಸುಗಳಿಗೂ ತುಟಿರಂಗಿಗೂ ಬಳಸುತ್ತಾರೆ. 1956ರ ನವೆಂಬರ್ 1ರ ವರೆಗೆ ಬ್ಯಾಡಗಿಯಿದ್ದ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತೆಂಬುದನ್ನು ಹಿರಿಯರು ಬಲ್ಲರು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗಿ, ಬ್ಯಾಡಗಿ ಅದರ ತಾಲೂಕಾಯಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ಹೆಸರು ಆ ಸೀಮೆಯ ಬೆಳೆಗೇ ಸಲ್ಲತಕ್ಕದ್ದೆಂದು ಕಾಯಿದೆ ಒಪ್ಪಿದೆ ಎಂದು ಅದರ ಅರ್ಥ.

ಹೆಸರು ಉಳಿಯಿತು, ಬೀಜ ಉಳಿದೀತೆ? ಈ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿತು. ಅದರ ಕಥೆಯೇ ಇಂದಿನ ಭಾಷಣ.

ನಾವು ಅಣ್ಣತಮ್ಮಂದಿರು ಮೂವರು. ಹಿರಿಯಣ್ಣ ಬ್ಯಾಡಗಿ ತಾಲೂಕಿನ ನಮ್ಮ ಊರಿನಲ್ಲಿ ಹೊಲ ನೋಡಿಕೊಂಡಿದ್ದಾನೆ. ನಾವಿಬ್ಬರು ಕಿರಿಯರು ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ಮೂವತ್ತು ವರ್ಷ ಮೀರಿತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದ, ತೆಳು. ಡಬ್ಬಿ ಗಿಡ್ಡ, ಉಬ್ಬು; ಅದರಲ್ಲಿ ಬೀಜ ಹೆಚ್ಚು, ಪರಿಮಳವೂ ಹೆಚ್ಚು. ನಮ್ಮ ಮನೆಯಲ್ಲಿ ಡಬ್ಬಿಯ ಬೀಜವನ್ನು ಅವ್ವ ತನ್ನ ಕೈಯಾರೆ ಆರಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟಿ ಇಡುತ್ತಿದ್ದಳು. ಅವ್ವ ಹೋದ ಮೇಲೆ ಆ ಕೆಲಸ ಅತ್ತಿಗೆಗೆ ಬಂದಿತು. ಪೇಟೆಯಿಂದ ಒಂದು ಹಿಡಿ ಬೀಜವನ್ನೂ ನಮ್ಮ ಮನೆ ತಂದುದಿಲ್ಲ.

2021ರ ಮುಂಗಾರಿನಲ್ಲಿ ಮಳೆ ಬಿಡಲಿಲ್ಲ. ಸಸಿ ಮಡಿಯಲ್ಲಿ ಹುಟ್ಟಿದ ಸಸಿಗಳು ಎರಡೆಲೆ ಒಡೆಯುತ್ತಲೇ ಒಂದೊಂದಾಗಿ ಮಲಗತೊಡಗಿದವು. ಕಿತ್ತು ನೋಡಿದರೆ ಮಣ್ಣಿಗೆ ತಾಗುವ ಎಡೆಯಲ್ಲಿ ಕಾಂಡ ಬಿಸಿನೀರು ಬಿದ್ದಂತೆ ಬೆಂದು ನೂಲಿನ ಎಳೆಯಾಗಿತ್ತು. ಇವೊತ್ತು ಅಂಗೈಯಗಲ ಬೋಳಾದ ಜಾಗ ನಾಳೆ ಮೊರದಗಲವಾಗುತ್ತಿತ್ತು. ಉಳಿದ ಸಸಿ ಅರ್ಧ ಹೊಲಕ್ಕೂ ಸಾಲಲಿಲ್ಲ. 2022ರಲ್ಲಿಯೂ ಅದೇ ಗತಿ. ಅಣ್ಣ ಪೋನಿನಲ್ಲಿ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. “ತಮ್ಮಾ, ಈ ಬೀಜಾ ಸಾಕು ಮಾಡೋಣು. ಊರಾಗ ಎಲ್ಲಾರೂ ಬಿಟ್ಟಾರ, ನಾವಷ್ಟ ಹಿಡಕೊಂಡು ಕುಂತು ಏನ್ ಮಾಡೋದೈತಿ? ಪ್ಯಾಟಿ ಸಸಿ ತಂದು ಹಚ್ಚತೇನಿ.”

ಅಣ್ಣನ ಮಾತಿನಲ್ಲಿ ತಪ್ಪಿರಲಿಲ್ಲ. ಹೊಲ ಮಾಡುವವನು ಅವನು. ನಾವು ವರ್ಷಕ್ಕೊಮ್ಮೆ ಹೋಗಿ ಮೆಣಸಿನಕಾಯಿಯ ಚೀಲ ಹೊತ್ತು ಬರುವವರು. ಆದರೂ ಅವ್ವನ ಗಡಿಗೆ ಬರಿದಾಗುವುದೆಂದರೆ ನಮಗೆ ಎದೆ ಹಿಂಡಿದಂತಾಯಿತು. ಮೆಣಸಿನ ಬೀಜವನ್ನು ಮನೆಯಲ್ಲಿ ಬಹುಕಾಲ ಇಟ್ಟುಕೊಳ್ಳಲು ಬರುವುದಿಲ್ಲ. ಎರಡು ಮೂರು ವರ್ಷ ಮೀರಿದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಬೆಳೆದು ಹೊಸ ಬೀಜ ಹಿಡಿಯದಿದ್ದರೆ ಹಳೆಯ ಬೀಜ ಇದ್ದೂ ಇಲ್ಲದಂತೆ.

ಈಗ ರೋಗದ ವಿಚಾರಕ್ಕೆ ಬರೋಣ. ಮೆಣಸಿನ ಗಿಡಕ್ಕೆ ಬರುವ ಬೇನೆಗಳಲ್ಲಿ ಹಲವು ಬೂಷ್ಟಿನ ಜಾತಿಗೆ ಸೇರಿದ ಜೀವಿಗಳಿಂದ ಆಗತಕ್ಕವು. ಸಸಿ ಮಡಿಯಲ್ಲಿ ಸಸಿಯನ್ನು ಮಲಗಿಸುವುದು ಪಿಥಿಯಂ ಎಂಬುದು. ಇದನ್ನು ಬಹುಕಾಲ ಬೂಷ್ಟೆಂದೇ ಎಣಿಸಿದ್ದರು. ಈಗಿನ ವಿಜ್ಞಾನಿಗಳು ಇದನ್ನು ಬೂಷ್ಟಿನಿಂದ ಬೇರೆಯಾದ ನೀರಿನ ಜೀವಿಗಳ ಗುಂಪಿಗೆ ಹಾಕಿದ್ದಾರೆ. ಮಣ್ಣಿನಲ್ಲಿ ನೀರು ನಿಂತಿತೆಂದರೆ ಇದರ ಬೀಜಕಣಗಳು ಈಜಿಕೊಂಡು ಎಳೆಯ ಬೇರಿಗೆ ಬಂದು ತಗಲುತ್ತವೆ. ಬೆಳೆದ ಗಿಡವನ್ನು ಸೊರಗಿಸುವುದು ಫ್ಯುಸೇರಿಯಂ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕೂಡಬಲ್ಲದು. ಗಿಡದ ಬುಡದಲ್ಲಿ ಬಿಳಿಯ ಎಳೆ ಹರಡಿ, ಸಾಸಿವೆಯಂತಹ ಕಾಳುಗಳನ್ನು ಬಿಟ್ಟು ಬುಡವನ್ನೇ ಕೊಳೆಸುವುದು ಸ್ಕ್ಲೆರೋಷಿಯಂ. ಇನ್ನು ಹಣ್ಣಾದ ಕಾಯಿಯ ಮೇಲೆ ತಗ್ಗಾದ ಕಪ್ಪು ಕಲೆ ಮೂಡಿಸಿ, ಟೊಂಗೆಯನ್ನು ತುದಿಯಿಂದ ಒಣಗಿಸುವುದು ಕೊಲೆಟೊಟ್ರೈಕಂ. ಈ ಕೊನೆಯದರ ಒಂದು ಬಗೆಯನ್ನು ಮೆಣಸಿನ ಗಿಡದ ಮೇಲೆ ಗುರುತಿಸಿ 1913ರಲ್ಲಿ ಹೆಸರಿಟ್ಟುದು ನಮ್ಮ ದೇಶದ ಕೊಯಮತ್ತೂರಿನ ಮಾದರಿಯಿಂದಲೇ. ಕಲೆ ಬಿದ್ದ ಕಾಯಿ ಒಣಗಿದರೆ ಬಿಳಿಚಿಕೊಳ್ಳುತ್ತದೆ. ಬಣ್ಣಕ್ಕಾಗಿಯೇ ಬೆಲೆ ಬರುವ ಬ್ಯಾಡಗಿ ಪೇಟೆಯಲ್ಲಿ ಬಿಳಿಚಿದ ಕಾಯನ್ನು ಯಾರು ಕೇಳುತ್ತಾರೆ?

ಇವುಗಳಿಗೆ ಔಷಧಿ ಇಲ್ಲವೆಂದಲ್ಲ. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಎಂಬ ಪಂಡಿತರು ಮೈಲುತುತ್ತ ಸುಣ್ಣ ಸೇರಿಸಿದ ದ್ರಾವಣದಿಂದ ದ್ರಾಕ್ಷಿಯ ರೋಗವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅದೇ ದ್ರಾವಣವನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಇಂದಿಗೂ ಅಡಿಕೆ ತೋಟದವರು ಅದನ್ನು ಬಿಟ್ಟಿಲ್ಲ. ಆಮೇಲೆ ಬಗೆಬಗೆಯ ಹೊಸ ರಾಸಾಯನಿಕಗಳು ಬಂದಿವೆ. ಆದರೆ ಮಣ್ಣಿನೊಳಗೆ ಅಡಗಿದ ಶತ್ರುವಿಗೆ ಮೇಲಿನಿಂದ ಸುರಿದ ಔಷಧಿ ಪೂರ್ತಿ ತಲಪುವುದಿಲ್ಲ. ತಲಪಿದರೂ ಮಳೆಗೆ ತೊಳೆದು ಹೋಗುತ್ತದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹಾಕಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುವುದೂ ಉಂಟು. ಅಲ್ಲದೆ ಮೆಣಸಿನಕಾಯಿ ಪರದೇಶಕ್ಕೆ ಹೋಗುವ ಸರಕು. ಔಷಧಿಯ ಅಂಶ ಮಿತಿ ಮೀರಿ ಉಳಿದಿದ್ದರೆ ಕೊಳ್ಳುವವರು ಹಿಂದಕ್ಕೆ ಕಳಿಸುತ್ತಾರೆ.

ಹೀಗಿರಲು, ಮಣ್ಣಿನ ಶತ್ರುವಿಗೆ ಮಣ್ಣಿನಲ್ಲೇ ಬಂಟರಿದ್ದಾರೆಂಬ ಸಂಗತಿ ನಮಗೆ ತಿಳಿದುದು ರಜೆಗೆಂದು ಊರಿಗೆ ಹೋದಾಗ, ಕೃಷಿ ವಿಜ್ಞಾನ ಕೇಂದ್ರದ ಒಬ್ಬ ವಿಜ್ಞಾನಿಗಳ ಬಾಯಿಂದ. ಅವರು ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿಟ್ಟುಕೊಂಡು, “ಇದರೊಳಗಿನ ಜನಸಂಖ್ಯೆಯ ಮುಂದೆ ನಿಮ್ಮ ಮುಂಬಯಿ ಒಂದು ಹಳ್ಳಿ” ಎಂದು ನಕ್ಕರು. ಆ ಮಾತು ಹುಡುಗಾಟದ್ದಲ್ಲ. ಒಂದು ಗ್ರಾಮು ಫಲವತ್ತಾದ ಮಣ್ಣಿನಲ್ಲಿ ಬ್ಯಾಕ್ಟೀರಿಯಗಳೇ ನೂರು ಕೋಟಿಯಷ್ಟು ಇರಬಹುದು. ಅವುಗಳಲ್ಲಿ ಬಹುಪಾಲು ನಮಗೆ ಕೇಡು ಮಾಡುವವಲ್ಲ.

ಗಿಡ ಬಿಸಿಲಿನಲ್ಲಿ ಅಡಿಗೆ ಮಾಡಿಕೊಂಡು ತಾನೊಬ್ಬನೇ ಉಣ್ಣುವುದಿಲ್ಲ. ಅದರ ಒಂದು ಪಾಲನ್ನು ಸಕ್ಕರೆ, ಹುಳಿ ಮುಂತಾದ ರೂಪದಲ್ಲಿ ಬೇರಿನಿಂದ ಮಣ್ಣಿಗೆ ಒಸರಿಸುತ್ತದೆ. ಆ ಊಟಕ್ಕೆ ಬ್ಯಾಕ್ಟೀರಿಯಗಳು ನೆರೆಯುತ್ತವೆ. ಬೇರನ್ನು ಸುತ್ತಿರುವ ಈ ತೆಳುವಾದ ಮಣ್ಣಿನ ಪದರದಲ್ಲಿ ಬೇರೆಡೆಗಿಂತ ಹೆಚ್ಚಿನ ಜೀವಸಂದಣಿ ಇರುವುದನ್ನು ಕಂಡು, 1904ರಲ್ಲಿ ಜರ್ಮನಿಯ ಲೊರೆಂಟ್ಸ್ ಹಿಲ್ಟ್‌ನರ್ ಅದಕ್ಕೆ ‘ರೈಝೋಸ್ಫಿಯರ್’ ಎಂದು ಹೆಸರಿಟ್ಟರು. ನಾವು ‘ಬೇರಿನ ನೆರೆಹೊರೆ’ ಎನ್ನೋಣ. ನೆರೆಹೊರೆ ಒಳ್ಳೆಯದಿದ್ದರೆ ಮನೆಗೆ ಕಳ್ಳ ಬರುವುದು ಕಷ್ಟ.

ಆ ನೆರೆಹೊರೆಯ ಇಬ್ಬರನ್ನು ಮಾತ್ರ ಇಲ್ಲಿ ಪರಿಚಯ ಮಾಡಿಕೊಡುತ್ತೇವೆ. ಒಬ್ಬ ಸ್ಯೂಡೋಮೊನಾಸ್ ಫ್ಲೊರೆಸೆನ್ಸ್. ಕಬ್ಬಿಣ ಕಡಿಮೆಯಿದ್ದ ಕಡೆ ಹಳದಿ ಹಸಿರಾದ ಬಣ್ಣವೊಂದನ್ನು ಬಿಡುತ್ತಾನೆ. ಅದು ಅತಿನೇರಿಳೆ ಬೆಳಕಿನಲ್ಲಿ ಮಿಂಚುತ್ತದೆ. ಆದ್ದರಿಂದ ಆ ಹೆಸರು. ಇನ್ನೊಬ್ಬ ಬ್ಯಾಸಿಲಸ್ ಸಬ್ಟಿಲಿಸ್. 1872ರಲ್ಲಿ ಫರ್ಡಿನೆಂಡ್ ಕೋನ್ ಎಂಬ ವಿಜ್ಞಾನಿ ಇವನಿಗೆ ಈ ಹೆಸರನ್ನು ಕೊಟ್ಟರು. ಒಣಹುಲ್ಲನ್ನು ನೆನೆಸಿದ ನೀರನ್ನು ಕುದಿಸಿದರೂ ಇವನು ಸಾಯುವುದಿಲ್ಲ. ಕಷ್ಟಕಾಲದಲ್ಲಿ ಗಟ್ಟಿಯಾದ ಕವಚ ತೊಟ್ಟು ಬೀಜದಂತೆ ಮಲಗಿಬಿಡುತ್ತಾನೆ ಎಂಬುದನ್ನು ಕೆಲವೇ ವರ್ಷಗಳ ಮೇಲೆ ಅವರೇ ತೋರಿಸಿದರು. ಈ ವ್ಯತ್ಯಾಸವನ್ನು ಸಭಿಕರು ನೆನಪಿನಲ್ಲಿಡಬೇಕು. ಬ್ಯಾಸಿಲಸ್ಸಿಗೆ ಕವಚ ಉಂಟು, ಸ್ಯೂಡೋಮೊನಾಸಿಗೆ ಇಲ್ಲ. ನಾವು ಇದನ್ನು ಮರೆತು ಪೆಟ್ಟು ತಿಂದೆವು.

ಇವರು ರೋಗಾಣುವನ್ನು ಹೇಗೆ ತಡೆಯುತ್ತಾರೆ? ನಾಲ್ಕು ಬಗೆ. ಮೊದಲನೆಯದು ಜಾಗ ಹಿಡಿಯುವುದು. ರೈಲಿನ ಡಬ್ಬಿಯಲ್ಲಿ ಮೊದಲು ಹತ್ತಿದವರು ಕುಳಿತುಬಿಟ್ಟರೆ ಹಿಂದೆ ಬಂದವನಿಗೆ ನಿಲ್ಲಲೂ ಎಡೆಯಿಲ್ಲವೆಂಬುದು ಮುಂಬಯಿಯವರಿಗೆ ಹೇಳಬೇಕಾದುದಿಲ್ಲ. ಬೇರಿನ ಮೇಲೆ ಈ ಬಂಟರು ಮೊದಲೇ ನೆಲಸಿದ್ದರೆ ಬೂಷ್ಟಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಎರಡನೆಯದು ಕಬ್ಬಿಣ. ಎಲ್ಲ ಜೀವಿಗಳಿಗೂ ಕಬ್ಬಿಣ ಬೇಕು. ಮಣ್ಣಿನಲ್ಲಿ ಸುಲಭವಾಗಿ ಸಿಗುವ ಕಬ್ಬಿಣ ಬಹಳ ಕಡಿಮೆ. ಸ್ಯೂಡೋಮೊನಾಸ್ ತಾನು ಬಿಡುವ ಆ ಬಣ್ಣದ ವಸ್ತುವಿನಿಂದ ಕಬ್ಬಿಣವನ್ನು ಬಿಗಿಯಾಗಿ ಹಿಡಿದು ತನ್ನ ಉಗ್ರಾಣಕ್ಕೆ ಸಾಗಿಸುತ್ತಾನೆ. ಬೂಷ್ಟು ಕಬ್ಬಿಣವಿಲ್ಲದೆ ಸೊರಗುತ್ತದೆ. 1980ರಲ್ಲಿ ಅಮೆರಿಕದ ಕ್ಲೋಪರ್, ಶ್ರಾಥ್ ಮತ್ತು ಅವರ ಸಂಗಡಿಗರು ಈ ಮರ್ಮವನ್ನು ಪ್ರಕಟಿಸಿದರು. ಮೂರನೆಯದು ನೇರವಾದ ಕಾದಾಟ. ಬ್ಯಾಸಿಲಸ್ ಹೊರಬಿಡುವ ಇಟುರಿನ್, ಫೆಂಜಿಸಿನ್ ಎಂಬ ವಸ್ತುಗಳು ಬೂಷ್ಟಿನ ಎಳೆಯ ತೊಗಲನ್ನು ತೂತು ಮಾಡುತ್ತವೆ. ಸ್ಯೂಡೋಮೊನಾಸಿನ ಹಲವು ಬಗೆಗಳಿಗೂ ಇಂತಹ ಅಸ್ತ್ರಗಳುಂಟು.

ನಾಲ್ಕನೆಯದು ಎಲ್ಲಕ್ಕಿಂತ ಸೋಜಿಗದ್ದು. ಬೇರಿನಲ್ಲಿ ಈ ಬ್ಯಾಕ್ಟೀರಿಯ ನೆಲಸಿದರೆ ಇಡೀ ಗಿಡ ಎಚ್ಚರಗೊಳ್ಳುತ್ತದೆ. 1991ರಲ್ಲಿ ಅಮೆರಿಕದಲ್ಲಿ ಸೌತೆಯ ಬೀಜಕ್ಕೆ ಇಂತಹ ಬ್ಯಾಕ್ಟೀರಿಯವನ್ನು ಲೇಪಿಸಿ ಬಿತ್ತಿ, ಮೇಲೆ ಎಲೆಗೆ ಕೊಲೆಟೊಟ್ರೈಕಂ ರೋಗವನ್ನು ತಗಲಿಸಿ ನೋಡಿದರು. ಬೀಜಕ್ಕೆ ಲೇಪಿಸಿದ ಗಿಡಗಳ ಎಲೆಯಲ್ಲಿ ಕಲೆಗಳು ಕಡಿಮೆಯಾದವು. ಬಂಟ ಇದ್ದುದು ಬೇರಿನಲ್ಲಿ, ಶತ್ರು ಬಂದುದು ಎಲೆಗೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇಲ್ಲ! ಊರಬಾಗಿಲಿನಲ್ಲಿ ನಾಯಿ ಬೊಗಳಿದರೆ ಮನೆಮನೆಯವರೂ ಎದ್ದು ಕುಳಿತಂತೆ ಎನ್ನಬಹುದು. ನಮ್ಮ ಮೆಣಸಿನಕಾಯಿಗೆ ಕಲೆ ತರುವ ಬೂಷ್ಟು ಅದೇ ಕುಲದ್ದಾದುದರಿಂದ ಈ ಸಂಗತಿ ನಮಗೆ ಹತ್ತಿರದ್ದು.

ನಮ್ಮ ದೇಶದಲ್ಲಿಯೂ ಈ ಕೆಲಸ ಹಿಂದೆ ಬಿದ್ದಿಲ್ಲ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಸ್ಯೂಡೋಮೊನಾಸನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ, ರೈತರು ಬೀಜಕ್ಕೆ ಸವರಲು ಬರುವಂತೆ ಮಾಡುವ ವಿಧಾನವನ್ನು 1990ರ ದಶಕದಲ್ಲಿ ರೂಪಿಸಿದರು. ನಮ್ಮ ನಾಡಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಇದನ್ನು ರೈತರಿಗೆ ತಿಳಿಸಿಕೊಡುತ್ತಿವೆ. ಬೆಲೆಯೂ ಬಡವನ ಕೈಗೆ ಎಟಕುವಂತಹದೇ.

ಇಷ್ಟನ್ನು ಕೇಳಿ ನಾವು ಉಬ್ಬಿಹೋದೆವು. 2022ರ ಬೇಸಿಗೆಯಲ್ಲಿ ಪೇಟೆಯ ಒಂದು ಅಂಗಡಿಯಿಂದ ಸ್ಯೂಡೋಮೊನಾಸ್ ಪೊಟ್ಟಣ ಕೊಂಡು ಊರಿಗೆ ಹೊತ್ತುಕೊಂಡು ಹೋದೆವು. ಪೊಟ್ಟಣದ ಮೇಲಿನ ತಾರೀಖು ನೋಡಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅದು ಬಸ್ಸಿನ ಮೇಲಿನ ಗಂಟಿನಲ್ಲಿ ಒಂದು ಹಗಲೆಲ್ಲ ಬೆಂದಿತು. ಮನೆಗೆ ತಲಪಿದ ಮೇಲೆ, ಒಂದಕ್ಕೆ ಎರಡಿರಲಿ ಎಂದು ಅದನ್ನು ತಾಮ್ರದ ಔಷಧಿಯ ಸಂಗಡ ಒಂದೇ ಬಕೀಟಿನಲ್ಲಿ ಕಲಸಿ ಮಡಿಗೆ ಸುರಿದೆವು. ತಾಮ್ರ ಬೂಷ್ಟನ್ನು ಕೊಲ್ಲುವಂತೆ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ನಮ್ಮ ಬಂಟರನ್ನು ನಾವೇ ಕೊಂದು, ಸತ್ತವರನ್ನು ಕಾವಲಿಗೆ ನಿಲ್ಲಿಸಿದಂತಾಯಿತು! ಮಳೆ ಹಿಡಿಯಿತು, ಸಸಿಗಳು ಮಲಗಿದವು. ಅಣ್ಣ ಏನೂ ಬೈಯಲಿಲ್ಲ. “ನಿಮ್ಮ ಮುಂಬೈ ಪುಡಿ ಛಲೋ ಐತಿ ಬಿಡ್ರಪಾ” ಎಂದಷ್ಟೇ ಹೇಳಿ ಪೇಟೆ ಸಸಿ ತರಲು ಗಾಡಿ ಹೂಡಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ಮಾತ್ರ ಉಳಿದ ಹತ್ತಿಪ್ಪತ್ತು ಡಬ್ಬಿ ಸಸಿಗಳನ್ನು ಬಾವಿಯ ಕಟ್ಟೆಯ ಬದಿಗೆ ನೆಟ್ಟು ಬೆಳೆಸಿ, ಒಂದು ಬೊಗಸೆ ಬೀಜ ಹಿಡಿದಿಟ್ಟಳು. ಆ ಬೊಗಸೆಯೇ ಅವ್ವನ ಗಡಿಗೆಯ ಕೊನೆಯ ಸಂತಾನ.

2023ರಲ್ಲಿ ಅದರಲ್ಲಿ ಅರ್ಧ ಬೀಜವನ್ನು ಬಿತ್ತಿದೆವು. ಈ ಸಲ ವಿಜ್ಞಾನಿಗಳು ಹೇಳಿದಂತೆ ಒಂದು ಮಡಿಗೆ ಬ್ಯಾಕ್ಟೀರಿಯ ಹಾಕಿ, ಇನ್ನೊಂದು ಮಡಿಯನ್ನು ಹಾಗೆಯೇ ಬಿಟ್ಟೆವು. ಆದರೆ ಆ ವರ್ಷ ನಾಡಿಗೆ ಬರ. ಎರಡು ಮಡಿಗಳೂ ಒಂದೇ ಸಮನಾಗಿ ಚೆನ್ನಾಗಿ ಬಂದವು. ಒಣ ಮಣ್ಣಿನಲ್ಲಿ ಪಿಥಿಯಂ ತಲೆಯೆತ್ತಲಿಲ್ಲ. ಹಾಕಿದ್ದರಿಂದ ಬಂದಿತೆಂದು ನಾವು ಊರಲ್ಲಿ ಡಂಗುರ ಹೊಡೆಯಬಹುದಿತ್ತು. ಪಕ್ಕದ ಮಡಿ ನಮ್ಮ ಬಾಯಿ ಮುಚ್ಚಿಸಿತು. ಔಷಧಿ ಹಾಕದ ಒಂದು ಮಡಿಯನ್ನು ಬಿಟ್ಟು ನೋಡಬೇಕೆಂಬುದರ ಬೆಲೆ ನಮಗೆ ಆಗ ತಿಳಿಯಿತು. ನೆಟ್ಟ ಗಿಡಗಳು ಹೊಲದಲ್ಲಿ ನೀರಿಲ್ಲದೆ ಬಾಡಿದವು.

2024ರಲ್ಲಿ ಉಳಿದ ಬೀಜ ಬಿತ್ತುವಾಗ ನಮಗೆ ಕೈ ನಡುಗಿತೆಂದರೆ ಸುಳ್ಳಲ್ಲ. ಅಣ್ಣ ಎರಡು ಮಡಿಯ ಪ್ರಯೋಗವನ್ನು ಒಪ್ಪಲಿಲ್ಲ. “ಇದ್ದದ್ದ ಇಷ್ಟು ಬೀಜಾ, ಅದರಾಗ ಅರ್ಧಾ ಸಾಯಾಕ ಬಿಡಂತೀರೇನು?” ಎಂದ. ಅವನ ಮಾತು ಸರಿ. ಕೊನೆಗೆ ಬಂಟರಿಲ್ಲದ ಮಡಿಗೆ ಅವ್ವನ ಬೀಜದ ಬದಲು ಪೇಟೆಯ ಬೀಜ ಹಾಕಿದೆವು. ಇದು ಶುದ್ಧವಾದ ಪ್ರಯೋಗವಲ್ಲವೆಂದು ವಿಜ್ಞಾನಿಗಳು ಹೇಳಿಯಾರು. ಹೌದು, ಬೀಜದ ಗುಣವೂ ಬೇರೆ ಇರಬಹುದು. ಆದುದರಿಂದ ಅವ್ವನ ಬೀಜದ ನಾಲ್ಕು ಸಾಲನ್ನು ಮಾತ್ರ ಬಂಟರಿಲ್ಲದ ಆ ಮಡಿಯ ಅಂಚಿಗೆ ಹಾಕಲು ಅತ್ತಿಗೆ ಅಣ್ಣನನ್ನು ಒಪ್ಪಿಸಿದಳು. ಜುಲೈಯಲ್ಲಿ ಮಳೆ ಜಡಿಯಿತು. ಬಂಟರಿಲ್ಲದ ಮಡಿಯಲ್ಲಿ ಪೇಟೆಯ ಸಸಿಯೂ ಮಲಗಿತು, ಅವ್ವನ ನಾಲ್ಕು ಸಾಲೂ ಬಹುಪಾಲು ಮಲಗಿದವು. ಬಂಟರಿದ್ದ ಮಡಿಯಲ್ಲಿ ಒಂದು ಮೂಲೆ ಮಾತ್ರ ಬೋಳಾಯಿತು. ಅಲ್ಲಿ ನೀರು ನಿಂತಿತ್ತು. ಉಳಿದುದು ಹಸುರಾಗಿ ನಿಂತಿತು. ಅಣ್ಣ ಪೋನು ಮಾಡಿ ಬೇರೆಲ್ಲ ವಿಚಾರ ಮಾತಾಡಿ, ಕೊನೆಗೆ, “ಸಸಿ ಅದಾವು, ಊರಿಗೆ ಬಂದಾಗ ನೋಡ್ರಿ” ಎಂದ. ಅಣ್ಣನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆದರೆ ಪೂರ್ತಿ ಸತ್ಯವನ್ನು ಹೇಳಬೇಕು. ಅಕ್ಟೋಬರಿನ ಮಳೆಗೆ ಹಣ್ಣಿನ ಕೊಳೆ ಬಂದೇ ಬಂದಿತು. ಬ್ಯಾಕ್ಟೀರಿಯ ಸಿಂಪಡಿಸಿದರೂ ಹತೋಟಿಗೆ ಬರಲಿಲ್ಲ. ತಜ್ಞರ ಸಲಹೆಯಂತೆ ಒಂದು ಸಲ ರಾಸಾಯನಿಕವನ್ನೂ ಹೊಡೆಯಬೇಕಾಯಿತು. ಇನ್ನು ಎಲೆ ಮುದುಡುವ ಮುಟುರು ರೋಗಕ್ಕೆ ನುಸಿ, ಥ್ರಿಪ್ಸ್ ಹುಳು, ವೈರಸ್ ಕಾರಣ. ಬೂಷ್ಟನ್ನು ಹಿಡಿಯಲು ತಂದ ಬಂಟರಿಂದ ಅದು ವಾಸಿಯಾದೀತೆಂದು ನಂಬಿ ಕೂಡಬಾರದು. ಬಂಟರು ರೋಗ ಬರುವ ಮೊದಲು ಕಾಯತಕ್ಕವರು. ಬಂದ ಮೇಲೆ ಮಾಯ ಮಾಡತಕ್ಕವರಲ್ಲ.

ಊರಿನಲ್ಲಿ ಹೊಲವಿರುವವರಿಗೆ ತಲಪಿಸಲೆಂದು ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ.

ಪೊಟ್ಟಣ ಕೊಳ್ಳುವಾಗ ತಯಾರಾದ ತಾರೀಖು, ಮುಗಿಯುವ ತಾರೀಖು, ನೋಂದಣಿ ಸಂಖ್ಯೆ, ಗ್ರಾಮಿಗೆ ಎಷ್ಟು ಜೀವಂತ ಕಣಗಳಿವೆ ಎಂಬುದು, ಇಷ್ಟನ್ನೂ ಓದಿ ನೋಡಬೇಕು. ಪೊಟ್ಟಣವನ್ನು ನೆರಳಿನಲ್ಲಿ, ತಂಪಿನಲ್ಲಿ ಇಡಬೇಕು. ಒಳಗಿರುವುದು ಗೊಬ್ಬರವಲ್ಲ, ಜೀವ.

ಸಸಿ ಮಡಿ ನೆಲದಿಂದ ಒಂದು ಗೇಣು ಎತ್ತರವಿರಬೇಕು, ನೀರು ಬಸಿದು ಹೋಗಬೇಕು. ಬೇಸಿಗೆಯಲ್ಲಿ ಮಡಿಯನ್ನು ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಬಿಸಿಲಿನ ಕಾವಿಗೇ ಬಹಳ ರೋಗಾಣುಗಳು ಸಾಯುತ್ತವೆ. ಬಂಟರನ್ನು ತರಬೇಕಾದುದು ಅದರ ಮೇಲೆ, ಮೊದಲಲ್ಲ. ಬೀಜವನ್ನು ಒತ್ತಾಗಿ ಚೆಲ್ಲದೆ ಸಾಲಿನಲ್ಲಿ ತೆಳುವಾಗಿ ಬಿತ್ತಬೇಕು.

ಒಂದು ಕಿಲೋ ಬೀಜಕ್ಕೆ 10 ಗ್ರಾಂ ಸ್ಯೂಡೋಮೊನಾಸ್ ಪುಡಿ. ತಣ್ಣಗಾದ ಗಂಜಿಯ ತಿಳಿಯಲ್ಲಿ ಬೀಜವನ್ನು ತೇವ ಮಾಡಿ, ಪುಡಿ ಸವರಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಸಸಿ ಕಿತ್ತು ನೆಡುವಾಗ ಲೀಟರು ನೀರಿಗೆ 10 ಗ್ರಾಂ ಕಲಸಿ ಬೇರನ್ನು ಅರ್ಧ ಗಂಟೆ ಅದ್ದಬೇಕು. ಹೊಲಕ್ಕೆ ಎಕರೆಗೆ ಒಂದು ಕಿಲೋ ಪುಡಿಯನ್ನು 20 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ಮಣ್ಣು ಹಸಿಯಿದ್ದಾಗ, ಸಂಜೆಯ ಹೊತ್ತು ಗಿಡದ ಬುಡಕ್ಕೆ ಹಾಕಬೇಕು. ಗೊಬ್ಬರವಿಲ್ಲದ ಬರಡು ಮಣ್ಣಿನಲ್ಲಿ ಬಂಟರು ಉಪವಾಸ ಬೀಳುತ್ತಾರೆ. ತಾಮ್ರದ ಔಷಧಿ, ಸ್ಟ್ರೆಪ್ಟೊಮೈಸಿನ್, ಬ್ಲೀಚಿಂಗ್ ಪುಡಿ ಇವುಗಳ ಸಂಗಡ ಎಂದೂ ಕಲಸಬಾರದು.

ಮೆಣಸಿನ ಹಿಂದೆಯೇ ಟೊಮೇಟೊ, ಬದನೆ, ಆಲೂಗಡ್ಡೆ ಹಾಕಬಾರದು. ಎಲ್ಲ ಒಂದೇ ಕುಲ, ಒಂದೇ ಬೇನೆಗೆ ಈಡಾಗತಕ್ಕವು. ಬೀಜಕ್ಕೆ ಕಲೆಯಿಲ್ಲದ ಕಾಯನ್ನೇ ಆರಿಸಬೇಕು. ಹಣ್ಣಿನ ಕೊಳೆ ಬೀಜದೊಳಗೇ ಕುಳಿತು ಮುಂದಿನ ವರ್ಷಕ್ಕೆ ಬರುತ್ತದೆ. ಅವ್ವ ಒಂದೊಂದೇ ಕಾಯನ್ನು ಬೆಳಕಿಗೆ ಹಿಡಿದು ಆರಿಸುತ್ತಿದ್ದುದು ಏಕೆಂದು ನಮಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಹೊಲವಿಲ್ಲದವರೂ ನಿರಾಶರಾಗಬೇಕಿಲ್ಲ. ಡೊಂಬಿವಲಿಯ ಗ್ಯಾಲರಿಯ ಕುಂಡದಲ್ಲಿ ಮೆಣಸಿನ ಗಿಡ ಹಾಕಿ, ಮಳೆಗಾಲದಲ್ಲಿ ಅದು ಬುಡ ಕೊಳೆತು ಸತ್ತಿತೆಂದು ಕೊರಗುವ ತಾಯಂದಿರು ಇಲ್ಲಿ ಅನೇಕರಿದ್ದಾರೆ. ಕುಂಡದ ಅಡಿಯ ತೂತು ಬಿಡಿಸಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಮಣ್ಣಿಗೆ ಕಳಿತ ಗೊಬ್ಬರ ಸೇರಿಸಿ, ಬಂಟರ ಪುಡಿಯನ್ನು ಒಂದು ಚಮಚೆ ಹಾಕಿ ನೋಡಿ. ದಿನಕ್ಕೆ ಮೂರು ಸಲ ನೀರು ಹಾಕುವ ಪ್ರೀತಿಯನ್ನು ಮಾತ್ರ ಕಡಿಮೆ ಮಾಡಬೇಕು.

ಸಭಿಕರೆ, ನಮ್ಮ ಭಾಷಣ ಮುಗಿಯಿತು. ಒಂದು ಮಾತು ಮಾತ್ರ ಉಳಿದಿದೆ. ನಾವು ನಾಡಿನಿಂದ ದೂರ ಬಂದವರು ನಾಡಿಗೆ ಏನು ಮಾಡಬಲ್ಲೆವೆಂದು ಪ್ರತಿ ನವೆಂಬರಿನಲ್ಲಿಯೂ ಕೇಳಿಕೊಳ್ಳುತ್ತೇವೆ. ದುಡ್ಡು ಕಳಿಸುತ್ತೇವೆ, ಜಾತ್ರೆಗೆ ಹೋಗುತ್ತೇವೆ. ಊರಿನಲ್ಲಿ ಹೊಲ ಮಾಡುವ ಅಣ್ಣನೋ ಚಿಕ್ಕಪ್ಪನೋ ಸೋದರಮಾವನೋ ಇದ್ದರೆ, ಈ ಸಲ ದೀಪಾವಳಿಯ ಮಾತುಕತೆಯಲ್ಲಿ “ಮಳೆ ಹೇಗಿದೆ, ಬೆಲೆ ಎಷ್ಟು” ಎಂದು ಕೇಳಿ ನಿಲ್ಲಿಸದೆ, “ಮನೆಯ ಬೀಜ ಯಾವುದು ಉಳಿದಿದೆ, ಅದಕ್ಕೆ ಏನು ಬೇನೆ” ಎಂದೂ ಕೇಳಿರಿ. ತಿಳಿದವರಲ್ಲಿ ವಿಚಾರಿಸಿ ಉತ್ತರ ತಲಪಿಸಿರಿ. ನಮ್ಮಂತೆ ಬಿಸಿಲಿನಲ್ಲಿ ಬೆಂದ ಪೊಟ್ಟಣವನ್ನು ಮಾತ್ರ ಹೊತ್ತುಕೊಂಡು ಹೋಗಬೇಡಿರಿ.

ಅತ್ತಿಗೆ ಈ ವರ್ಷ ಗಡಿಗೆಯ ಬಾಯಿಯನ್ನು ಹೊಸ ಬಟ್ಟೆಯಿಂದ ಕಟ್ಟಿದ್ದಾಳೆ. ಗಡಿಗೆ ತುಂಬಿಲ್ಲ, ಕತ್ತಿನ ಕೆಳಗೆ ಒಂದು ಗೇಣು ಖಾಲಿ ಇದೆ. ಆದರೆ ಅಲ್ಲಾಡಿಸಿದರೆ ಸದ್ದಾಗುತ್ತದೆ. ಆ ಸದ್ದನ್ನು ನಮಗೆ ಪೋನಿನಲ್ಲಿ ಕೇಳಿಸಿದಳು.